ಹತ್ತನೇ ಪಾಲಿಗೆ ಬೇಕಿದ್ದ ಸಹಿ

ಮಸ್ಕತ್‌ನ ರೂವಿಯಲ್ಲಿರುವ ನಮ್ಮ ಆಫೀಸಿಗೆ ಆ ತಾಯಿ ಮಗಳು ಬಂದಾಗ ನಾನು ಊಟದ ಡಬ್ಬಿ ತೆರೆದಿದ್ದೆ. ಒಳನಾಡಿನ ಇಬ್ರಾ ಎಂಬ ಊರಿನಿಂದ ಬೆಳಗಿನ ಬಸ್ಸು ಹಿಡಿದು, ಬಸ್ ಸ್ಟ್ಯಾಂಡಿನಿಂದ ಆ ಬಿಸಿಲಿನಲ್ಲಿ ನಡೆದೇ ಬಂದಿದ್ದರು. ತಾಯಿ ಇಬ್ರಾದ ಒಂದು ಇಂಡಿಯನ್ ಶಾಲೆಯಲ್ಲಿ ಟೀಚರ್. ಉಡುಪಿ ಕಡೆಯವರು, ಮನೆಮಾತು ತುಳು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗಳಿಗೆ ಇಪ್ಪತ್ತಾರು. ಬೆಳೆದ ಹೆಣ್ಣುಮಗಳೇ, ಆದರೆ ಬುದ್ಧಿ ನಾಲ್ಕೈದು ವರ್ಷದ ಕೂಸಿನದು. ಅವಳು ನೇರವಾಗಿ ನನ್ನ ಟೇಬಲ್ಲಿಗೆ ಬಂದು ಡಬ್ಬಿಯೊಳಗೆ ಇಣುಕಿ, "ಚಿತ್ರಾನ್ನ!" ಎಂದಳು.

ತಾಯಿ ನಾಚಿಕೆಯಿಂದ ಅವಳ ಕೈ ಹಿಡಿದು ಎಳೆದರು. ನಾನು ಎಳೆಯಬೇಡಿ ಎಂದು ಅರ್ಧ ಚಿತ್ರಾನ್ನ ಡಬ್ಬಿಯ ಮುಚ್ಚಳಕ್ಕೆ ಹಾಕಿ ಅವಳ ಮುಂದಿಟ್ಟೆ. ನನಗೆ ಹಸಿದಾಗ ಸಿಟ್ಟು ಬರುತ್ತದೆ, ಇಡೀ ಆಫೀಸಿಗೆ ಗೊತ್ತು. ಆ ದಿನ ಯಾಕೋ ಬರಲಿಲ್ಲ.

ನಮ್ಮದು ಲೆಕ್ಕಪತ್ರದ ಕಂಪನಿ. ಬ್ರಿಟನ್ನಿನಲ್ಲಿ ಮನೆಯೋ ಹಣವೋ ಇಟ್ಟುಕೊಂಡು ಒಮಾನಿನಲ್ಲಿ ದುಡಿಯುವ ಭಾರತೀಯರು ಒಂದಷ್ಟು ಜನ ಇದ್ದಾರೆ. ಅವರ ತೆರಿಗೆ ಕೆಲಸವೆಲ್ಲ ನನ್ನ ಟೇಬಲ್ಲಿಗೆ ಬರುತ್ತದೆ. ಬದುಕಿರುವಾಗ ಅವರೇ ಬರುತ್ತಾರೆ, ಸತ್ತ ಮೇಲೆ ಅವರ ಮನೆಯವರು ಬರುತ್ತಾರೆ. ಮೈಸೂರಿನಲ್ಲಿ ಬಿ.ಕಾಂ. ಓದುವಾಗ ಹೀಗೂ ಒಂದು ಕೆಲಸ ಉಂಟೆಂದು ನನಗೆ ಯಾರೂ ಹೇಳಿರಲಿಲ್ಲ.

"ನನ್ನ ಅಣ್ಣನದ್ದು ಮೇಡಮ್," ಎಂದರು ಟೀಚರ್, ಚೀಲದಿಂದ ಕವರು ತೆಗೆದು. "ಸೊಹಾರ್ ಪೋರ್ಟಿನಲ್ಲಿ ಎಂಜಿನಿಯರ್ ಆಗಿದ್ರು. ಹೋದ ತಿಂಗಳು ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡ್ರು. ಮದುವೆ ಇಲ್ಲ. ನಾನು, ಇವಳು, ಅಷ್ಟೇ ಅವರಿಗೆ. ಇದೆಲ್ಲ ಎಂತ ಮಾಡ್ಬೇಕು ಅಂತ ಒಂದೂ ಗೊತ್ತಾಗುದಿಲ್ಲ."

ಅಣ್ಣ ಹಡಗಿನ ಎಂಜಿನಿಯರ್. ಬ್ರಿಟನ್ನಿನ ಒಂದು ಬಂದರು ಊರಿನಲ್ಲಿ ಬಹಳ ಕಾಲ ಇದ್ದು, ಅಲ್ಲೊಂದು ಮನೆ ಕೊಂಡು, ಆಮೇಲೆ ತಂಗಿಗೆ ಹತ್ತಿರವಿರಲೆಂದು ಒಮಾನಿಗೆ ಬಂದವರು. ಮನೆ ಬಾಡಿಗೆಗಿತ್ತು, ಉಳಿತಾಯ ಅಲ್ಲಿನ ಬ್ಯಾಂಕಿನಲ್ಲಿತ್ತು. ಉಯಿಲನ್ನು ವಕೀಲರಿಲ್ಲದೆ ಸ್ವಂತವಾಗಿ ಬರೆದು, ಸಾಕ್ಷಿ ಸಹಿಗಳನ್ನು ಕ್ರಮವಾಗಿ ಹಾಕಿಸಿದ್ದರು. ಅಕ್ಷರ ಎಂಜಿನಿಯರರ ನಕ್ಷೆಯ ಅಕ್ಷರ, ಒಂದು ಗೆರೆ ಆಚೀಚೆ ಇಲ್ಲ.

ಉಯಿಲಿನಲ್ಲಿ ಮೂರೇ ಮಾತು. ಬ್ರಿಟನ್ನಿನಲ್ಲಿ ಕಡಲಿಗೆ ಸಿಕ್ಕಿಬಿದ್ದವರನ್ನು ದೋಣಿಯಲ್ಲಿ ಹೋಗಿ ಎತ್ತಿ ತರುವ ಒಂದು ಧರ್ಮಸಂಸ್ಥೆಗೆ ಇಷ್ಟು. ಊರಿನಲ್ಲಿ ಬುದ್ಧಿಮಾಂದ್ಯ ಮಕ್ಕಳಿಗಾಗಿ ಇರುವ ಒಂದು ಶಾಲೆಗೆ ಇಷ್ಟು. ಉಳಿದದ್ದೆಲ್ಲ ತಂಗಿಯ ಮಗಳಿಗೆ. ತಂಗಿಗೆ ಒಂದು ಪೆನ್ನಿ ಕೂಡ ಇಲ್ಲ.

"ನಿಮಗೆ ಏನೂ ಇಲ್ವಲ್ಲ ಟೀಚರ್?"

"ನಮ್ಮಲ್ಲಿ ಹಿಂದಿನಿಂದ ಅಳಿಯಕಟ್ಟು ಅಲ್ವಾ ಮೇಡಮ್. ಮಾವನದ್ದು ತಂಗಿ ಮಕ್ಕಳಿಗೆ. ಕಾನೂನಿನಲ್ಲಿ ಈಗ ಎಲ್ಲ ಬದಲಾಗಿದೆ, ಆದ್ರೆ ಅಣ್ಣನ ತಲೆಯಲ್ಲಿ ಅದೇ. ನನ್ನ ಹತ್ರ ಹೇಳಿಯೇ ಬರೆದದ್ದು. ನಿನ್ನ ಹೆಸರಿಗೆ ಬರೆದ್ರೆ ನಾಳೆ ಗಂಡನ ಕಡೆಯವರು ಬಂದು ಕೂತ್ಕೊಳ್ತಾರೆ, ಮಗುವಿನ ಹೆಸರಲ್ಲಿದ್ರೆ ಯಾರಿಗೂ ಮುಟ್ಲಿಕ್ಕೆ ಆಗುದಿಲ್ಲ ಅಂತ."

ಊರಿನ ಶಾಲೆಗೆ ಸೇರಿದ ಒಂದು ಹಾಸ್ಟೆಲ್ ಇದೆ. ದೊಡ್ಡವರಾದ, ಹಿಂದೆ ಮುಂದೆ ಯಾರೂ ಇಲ್ಲದ ಇಂಥ ಹೆಣ್ಣುಮಕ್ಕಳನ್ನು ಅಲ್ಲಿ ಕೊನೆಯವರೆಗೆ ನೋಡಿಕೊಳ್ಳುತ್ತಾರೆ. ಟೀಚರಿಗೆ ಸಕ್ಕರೆ ಕಾಯಿಲೆ, ಮೂತ್ರಪಿಂಡಗಳು ಆಗಲೇ ಸೋಲತೊಡಗಿದ್ದವು. ತನ್ನ ಕಣ್ಣೆದುರೇ ಮಗಳನ್ನು ಅಲ್ಲಿಗೆ ಸೇರಿಸಿ, ಅವಳು ಬದುಕಿರುವಷ್ಟು ಕಾಲದ ಹಣವನ್ನು ಗಟ್ಟಿ ಮಾಡಿ ಹೋಗಬೇಕೆನ್ನುವುದೊಂದೇ ಅವರಿಗಿದ್ದ ಯೋಚನೆ. "ಅವಳಿಗೆ ಎಪ್ಪತ್ತು ಆಗುವವರೆಗೆ ಬೇಕಲ್ಲ ಮೇಡಮ್," ಎಂದು ಅವರು ತೀರ ಸಾಮಾನ್ಯ ಮಾತಿನಂತೆ ಹೇಳಿದರು.

ನಾವು ಮಾತಾಡುತ್ತಿದ್ದಾಗ ಹುಡುಗಿ ನನ್ನ ಪೆನ್ನು ತೆಗೆದುಕೊಂಡು ಹಾಳೆಯೊಂದರ ಮೇಲೆ ಏನೋ ಬರೆಯುತ್ತಿದ್ದಳು. ನಾಲಿಗೆ ತುದಿ ಹೊರಗಿತ್ತು. ಬರೆದು ಮುಗಿಸಿ ನನ್ನ ಕಡೆ ತಿರುಗಿಸಿದಳು. ಕನ್ನಡದಲ್ಲಿ ಮೂರಕ್ಷರ, ಅವಳ ಹೆಸರು. ಅವಳಿಗೆ ಬರೆಯಲು ಬರುತ್ತಿದ್ದದ್ದು ಅದೊಂದೇ. ಅದನ್ನು ಕಲಿಸಲು ಅಮ್ಮನಿಗೆ ವರ್ಷಗಳೇ ಹಿಡಿದಿದ್ದವು.

"ಸರಿ ಉಂಟಾ?" ಎಂದಳು.

"ಬಹಳ ಚೆನ್ನಾಗಿದೆ ಕಣೆ," ಎಂದೆ.

ಒಮಾನಿನಲ್ಲಿ ಸತ್ತವರ ಆಸ್ತಿಗೆ ತೆರಿಗೆ ಇಲ್ಲ. ನಮ್ಮ ದೇಶದಲ್ಲೂ ಇಲ್ಲ. ಬ್ರಿಟನ್ನಿನಲ್ಲಿ ಇದೆ, ಮನುಷ್ಯ ಎಲ್ಲೇ ಸಾಯಲಿ, ಅಲ್ಲಿರುವ ಮನೆಗೂ ಹಣಕ್ಕೂ ಅದು ತಗಲುತ್ತದೆ. ಮೊದಲೊಂದು ಮೊತ್ತಕ್ಕೆ ವಿನಾಯಿತಿ, ಅದರ ಮೇಲಿನದಕ್ಕೆ ನೂರಕ್ಕೆ ನಲವತ್ತು. ನಲವತ್ತು ಎಂದರೆ ಕೇಳಿದವರ ಎದೆ ಧಸಕ್ ಎನ್ನುತ್ತದೆ, ನಾನು ಎಷ್ಟೋ ಮುಖಗಳಲ್ಲಿ ನೋಡಿದ್ದೇನೆ. ಧರ್ಮಸಂಸ್ಥೆಗೆ ಬಿಟ್ಟುಹೋದ ಹಣಕ್ಕೆ ಮಾತ್ರ ತೆರಿಗೆ ಇಲ್ಲ. ಇನ್ನೂ ಒಂದು ಅನುಕೂಲವಿದೆ: ತೆರಿಗೆಗೆ ಬರುವ ಆಸ್ತಿಯ ಹತ್ತನೇ ಒಂದು ಪಾಲನ್ನಾದರೂ ಧರ್ಮಕ್ಕೆ ಬಿಟ್ಟಿದ್ದರೆ, ಮಿಕ್ಕಿದ್ದಕ್ಕೂ ನಲವತ್ತರ ಬದಲು ಮೂವತ್ತಾರು.

ಅಣ್ಣನಿಗೆ ಇದು ಗೊತ್ತಿತ್ತು. ಹತ್ತನೇ ಪಾಲು ಧರ್ಮಕ್ಕೆ ಇಟ್ಟಿದ್ದೇನೆ, ತೆರಿಗೆಯೂ ಇಳಿಯುತ್ತದೆ ಎಂದು ತಂಗಿಗೆ ಫೋನಿನಲ್ಲಿ ಹೇಳಿದ್ದರಂತೆ. ಅವರ ಆಸ್ತಿಯಲ್ಲಿ ತೆರಿಗೆಗೆ ಬರುತ್ತಿದ್ದದ್ದು ಸುಮಾರು ಐದು ಲಕ್ಷ ಪೌಂಡು. ಅದರ ಹತ್ತನೇ ಪಾಲು ಐವತ್ತು ಸಾವಿರ. ಅವರು ಧರ್ಮಕ್ಕೆ ಇಟ್ಟದ್ದೂ ಐವತ್ತು ಸಾವಿರವೇ. ನಲವತ್ತು ಸಾವಿರ ಕಡಲಿನವರಿಗೆ, ಹತ್ತು ಸಾವಿರ ಊರಿನ ಶಾಲೆಗೆ.

ಅಲ್ಲೇ ಎಡವಿದ್ದು. ಆ ಕಾನೂನಿಗೆ ಧರ್ಮಸಂಸ್ಥೆ ಎಂದರೆ ಬ್ರಿಟನ್ನಿನ ಧರ್ಮಸಂಸ್ಥೆ ಮಾತ್ರ. ನಮ್ಮೂರಿನ ಶಾಲೆ ಎಷ್ಟೇ ಒಳ್ಳೆಯದಿರಲಿ, ಅವರ ಲೆಕ್ಕದಲ್ಲಿ ಅದು ಯಾರೋ ಒಬ್ಬ ಮೂರನೆಯವನು. ಹಾಗಾಗಿ ಧರ್ಮಕ್ಕೆ ಹೋದದ್ದು ಹತ್ತಲ್ಲ, ನೂರಕ್ಕೆ ಎಂಟು. ಮೂವತ್ತಾರರ ಬಾಗಿಲು ಮುಚ್ಚಿತು. ಗಲ್ಫಿನಲ್ಲಿರುವ ನಮ್ಮವರು ಎಷ್ಟೇ ಓದಿರಲಿ, ಎಲ್ಲಿಗೆ ಕೊಟ್ಟರೂ ಊರಿಗೊಂದು ಚೂರು ಇಡದೆ ಕೈ ಮುಚ್ಚುವುದಿಲ್ಲ. ಬೇರೆ ಯಾರೂ ಈ ತಪ್ಪು ಮಾಡುವುದಿಲ್ಲ, ನಾವೇ ಮಾಡುವುದು.

ಆದರೆ ಪರಿಹಾರವೂ ಅದೇ ಕಾನೂನಿನಲ್ಲಿತ್ತು. ಸತ್ತವರ ಉಯಿಲನ್ನು ಎರಡು ವರ್ಷದೊಳಗೆ ತಿದ್ದಿಕೊಳ್ಳಬಹುದು, ಯಾರ ಪಾಲು ಕಡಿಮೆಯಾಗುತ್ತದೋ ಅವರು ಒಪ್ಪಿ ಸಹಿ ಹಾಕಿದರೆ ಸಾಕು. ಹುಡುಗಿಯ ಪಾಲಿನಿಂದ ಇನ್ನೊಂದು ಹತ್ತು ಸಾವಿರ ಕಡಲಿನವರಿಗೆ ಹೋದರೆ ಹತ್ತನೇ ಪಾಲು ಭರ್ತಿ. ಆಗ ತೆರಿಗೆ ಇಪ್ಪತ್ತೆರಡು ಸಾವಿರ ಇಳಿಯುತ್ತದೆ. ಹತ್ತು ಬಿಟ್ಟರೆ ಇಪ್ಪತ್ತೆರಡು ಕೈಗೆ, ಹುಡುಗಿಗೆ ಹನ್ನೆರಡು ಉಳಿತಾಯ. ಊರಿನ ಹಾಸ್ಟೆಲಿನ ದರದಲ್ಲಿ ಅದು ಅವಳ ಏಳು ವರ್ಷದ ಊಟ, ವಸತಿ, ಔಷಧಿ.

ಲೆಕ್ಕ ಹೇಳಿದಾಗ ಟೀಚರಿನ ಮುಖ ಅರಳಿತು. "ಅಯ್ಯೋ, ಅಷ್ಟೇ ಅಲ್ವಾ ಅಕ್ಕ! ಎಲ್ಲಿ ಸೈನ್ ಹಾಕ್ಬೇಕು ಹೇಳಿ."

ಮೇಡಮ್ ಹೋಗಿ ಅಕ್ಕ ಆಗಿದ್ದೆ. ಅಷ್ಟು ಹೊತ್ತಿಗೆ ನನಗೆ ಅರ್ಥವಾಗಿತ್ತು, ಅವರಿಗೆ ಆಗಿರಲಿಲ್ಲ.

"ಸಹಿ ನಿಮ್ಮದಲ್ಲ ಟೀಚರ್. ಅವಳದು."

ಹುಡುಗಿ ಮುಚ್ಚಳದಲ್ಲಿ ಉಳಿದಿದ್ದ ಕಡಲೆಬೀಜಗಳನ್ನು ಒಂದೊಂದಾಗಿ ಹೆಕ್ಕಿ ಸಾಲಾಗಿ ಇಡುತ್ತಿದ್ದಳು. ಇಬ್ಬರೂ ಅವಳನ್ನೇ ನೋಡಿದೆವು.

ಆಮೇಲಿನ ಒಂದೂವರೆ ವರ್ಷ ನಾನು ತಟ್ಟದ ಬಾಗಿಲಿಲ್ಲ.

ಮೊದಲು ತೆರಿಗೆಯನ್ನು ನಲವತ್ತರ ದರದಲ್ಲೇ ಕಟ್ಟಿಸಿದೆವು. ಅದಕ್ಕೆ ಆರು ತಿಂಗಳ ಗಡುವು, ದಾಟಿದರೆ ಬಡ್ಡಿ. ಅಲ್ಲಿನ ಬ್ಯಾಂಕಿನ ಉಳಿತಾಯವೆಲ್ಲ ಅದಕ್ಕೇ ಬರಿದಾಯಿತು. ತಿದ್ದುಪಡಿಯಾದರೆ ಹೆಚ್ಚುವರಿ ಹಣ ವಾಪಸ್ ಕೇಳಬಹುದೆಂದು ಬ್ರಿಟನ್ನಿನ ನಮ್ಮ ವಕೀಲರು ಹೇಳಿದರು. ಅವರು ಮಾತಾಡಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಆಗುತ್ತದೆ ಎನ್ನುವುದಿಲ್ಲ, ಆಗುವುದಿಲ್ಲ ಎಂದೂ ಅನ್ನುವುದಿಲ್ಲ. ಆದರೆ ಕೆಟ್ಟವರಲ್ಲ.

"ಆ ಹತ್ತು ಸಾವಿರ ನಾನೇ ಕೊಟ್ರೆ?" ಎಂದು ಟೀಚರ್ ಕೇಳಿದರು. ಅವರ ಹತ್ತಿರ ಅಷ್ಟು ಎಲ್ಲಿತ್ತೋ, ಬಳೆ ಮಾರುತ್ತಿದ್ದರೋ ಏನೋ. ಅದು ನಡೆಯುವುದಿಲ್ಲ, ಸತ್ತವರ ಆಸ್ತಿಯಿಂದಲೇ ಹೋಗಬೇಕು ಎಂದೆ.

ಊರಿನ ಶಾಲೆಯವರನ್ನು ಕೇಳಿದೆವು. ನಿಮಗೆ ಬರುವ ಹತ್ತು ಸಾವಿರವನ್ನು ಕಡಲಿನವರಿಗೆ ಬಿಟ್ಟುಕೊಟ್ಟರೂ ಸಾಕು, ಹತ್ತನೇ ಪಾಲು ಭರ್ತಿಯಾಗುತ್ತದೆ ಎಂದು. ಕೇಳುವುದಕ್ಕೇ ನನಗೆ ನಾಚಿಕೆಯಾಗಿತ್ತು. ಶಾಲೆಯ ಹಿರಿಯ ಟ್ರಸ್ಟಿ ಒಳ್ಳೆಯ ಮನುಷ್ಯ, ಸಿಟ್ಟಾಗಲಿಲ್ಲ. "ನಮ್ಮದಾದ್ರೆ ಕೊಡಬಹುದಿತ್ತಮ್ಮ. ಧರ್ಮಕ್ಕೆ ಬಂದ ಹಣವನ್ನು ಹೊರದೇಶಕ್ಕೆ ದಾಟಿಸುವ ಅಧಿಕಾರ ನಮಗೆ ಇಲ್ಲ. ನಾಳೆ ನಮ್ಮ ಟ್ರಸ್ಟಿನ ಬಾಗಿಲು ಹಾಕಿಸ್ತಾರೆ," ಎಂದರು. ಆ ಬಾಗಿಲು ಹಾಕಿದರೆ ಈ ಹುಡುಗಿ ಹೋಗಬೇಕಾದ ಹಾಸ್ಟೆಲಿನ ಬಾಗಿಲೂ ಹಾಕಿದ ಹಾಗೆ. ಅಲ್ಲಿಗೆ ಆ ಮಾತು ಬಿಟ್ಟೆ.

ಮುಂದಿನದು ಪೋಷಕತ್ವ. ಟೀಚರ್ ರಜೆ ಹಾಕಿ ಮಗಳನ್ನು ಕರೆದುಕೊಂಡು ಊರಿಗೆ ಹೋದರು. ಜಿಲ್ಲಾ ಕಚೇರಿ, ವೈದ್ಯರ ಮಂಡಳಿ, ಸರ್ಟಿಫಿಕೇಟು, ಮತ್ತೆ ಕಚೇರಿ. ಬಿಸಿಲಲ್ಲಿ ಸಾಲು ನಿಂತಾಗ ಮಗಳು ಗಲಾಟೆ ಮಾಡಿ ನೆಲದ ಮೇಲೆ ಮಲಗಿಬಿಟ್ಟಳಂತೆ, ಜನ ಫೋನು ಹಿಡಿದು ವಿಡಿಯೊ ಮಾಡಿದರಂತೆ. ಕೊನೆಗೆ ತಾಯಿಯೇ ಕಾನೂನುಬದ್ಧ ಪೋಷಕಿ ಎಂಬ ಆದೇಶ ಬಂತು. ನಾನು ಆಫೀಸಿನಲ್ಲಿ ಎಲ್ಲರಿಗೂ ಹಲ್ವಾ ತರಿಸಿದೆ.

ಹಲ್ವಾ ಮುಗಿಯುವ ಮೊದಲೇ ವಕೀಲರ ಉತ್ತರ ಬಂತು. ಪೋಷಕಿ ಮಗಳ ಆಸ್ತಿಯನ್ನು ನೋಡಿಕೊಳ್ಳಬಹುದು, ದಾನ ಮಾಡುವಂತಿಲ್ಲ. ದಾನಕ್ಕೆ ನ್ಯಾಯಾಲಯದ ಅಪ್ಪಣೆ ಬೇಕು, ಅದೂ ಬ್ರಿಟನ್ನಿನ ನ್ಯಾಯಾಲಯದ್ದು. ಇದರಲ್ಲಿ ಹುಡುಗಿಗೆ ಲಾಭವೇ ಇರುವುದರಿಂದ ನ್ಯಾಯಾಧೀಶರು ಒಪ್ಪುವ ಸಂಭವವಿದೆ, ಆದರೆ ಖರ್ಚು ಉಳಿತಾಯದಷ್ಟೇ ಆಗಬಹುದು, ಹೆಚ್ಚೂ ಆಗಬಹುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಅವಳ ಒಳ್ಳೆಯದಕ್ಕೇ ಆಗುವ ಒಂದು ಕೆಲಸಕ್ಕೆ, ಅವಳನ್ನು ಕಾಪಾಡಲು ಇರುವ ಕಾನೂನೇ ಅಡ್ಡ ನಿಂತಿತ್ತು. ಯಾರೂ ಮುಟ್ಟಬಾರದು ಎಂದು ಮಾವ ಬಯಸಿದ್ದರು. ಯಾರೂ ಮುಟ್ಟಲಾಗಲಿಲ್ಲ.

ನಾನು ಟೀಚರಿಗೆ ಫೋನು ಮಾಡಿ ಹೇಳಿದೆ. ಅವರು, "ಅಕ್ಕ, ಅವಳಿಗೆ ಹೆಸರು ಬರೀಲಿಕ್ಕೆ ಬರ್ತದೆ ಅಲ್ವಾ?" ಎಂದರು.

"ಬರುತ್ತೆ. ಆದ್ರೆ..."

"ಅಲ್ಲ, ಸುಮ್ನೆ ಕೇಳಿದೆ," ಎಂದು ಇಟ್ಟರು.

ಎರಡು ವಾರದ ನಂತರ ಕೊರಿಯರಿನಲ್ಲಿ ತಿದ್ದುಪಡಿ ಪತ್ರ ಬಂತು. ವಕೀಲರು ಮೊದಲೇ ಮಾಡಿ ಕಳಿಸಿದ್ದ ಕರಡನ್ನೇ ಟೀಚರ್ ಮುದ್ರಿಸಿ, ಮಗಳ ಕೈಯಲ್ಲಿ ಚುಕ್ಕೆಗೆರೆಯ ಮೇಲೆ ಮೂರಕ್ಷರ ಬರೆಸಿದ್ದರು. ಅಷ್ಟು ದುಂಡಗೆ, ಅಷ್ಟು ನೆಟ್ಟಗೆ. ಅದರ ಕೆಳಗೆ ಇಬ್ಬರು ಸಾಕ್ಷಿಗಳು: ಇಬ್ರಾದ ಅವರ ಶಾಲೆಯ ಇನ್ನೊಬ್ಬ ಟೀಚರ್, ಅವರ ಮನೆ ಕೆಳಗಿನ ಔಷಧಿ ಅಂಗಡಿಯವರು. ಗೊತ್ತಿಲ್ಲದವರು ನೋಡಿದರೆ ಇದರಲ್ಲಿ ಹುಡುಕಲು ತಪ್ಪೇ ಇರಲಿಲ್ಲ.

ನಮ್ಮ ಕಂಪನಿಯ ಸಾಹೇಬರು ಕಚ್ಛ್ ಕಡೆಯವರು. ಮೂವತ್ತು ವರ್ಷ ಮಸ್ಕತ್‌ನಲ್ಲಿ ಕೂದಲು ಬಿಳಿ ಮಾಡಿಕೊಂಡವರು. ಪತ್ರವನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕಡೆ ತಳ್ಳಿದರು. "ಸೈನ್ ಹೈ, ವಿಟ್ನೆಸ್ ಹೈ. ಭೇಜೋ ಮೇಡಮ್, ಖಲಾಸ್."

"ಅವಳಿಗೆ ಇದೇನೆಂದು ಗೊತ್ತಿಲ್ಲ ಸಾಬ್."

ಅವರು ಕನ್ನಡಕ ತೆಗೆದರು. ಆಮೇಲಿನದನ್ನು ಹಿಂದಿಯಲ್ಲಿ, ಮೆಲ್ಲಗೆ ಹೇಳಿದರು. ಇದರಲ್ಲಿ ಯಾರಿಗೆ ನಷ್ಟ? ಹುಡುಗಿಗೆ ಲಾಭ, ಕಡಲಿನವರಿಗೆ ಲಾಭ, ಹೋದ ಮನುಷ್ಯನ ಇಚ್ಛೆಯೂ ಅದೇ. ನಷ್ಟ ಬ್ರಿಟನ್ನಿನ ಖಜಾನೆಗೆ. ನಾವೇನು ಡಾಕ್ಟರೇ, ಅವಳ ತಲೆಯೊಳಗೆ ಏನಿದೆ ಅಂತ ನೋಡಲಿಕ್ಕೆ?

ಸತ್ಯ ಹೇಳಬೇಕೆಂದರೆ ಕಳಿಸಿಬಿಡೋಣ ಎಂದೇ ನನಗೂ ಅನ್ನಿಸಿತ್ತು. ಆ ರಾತ್ರಿ ಮನೆಯಲ್ಲಿ ಹೇಳಿದೆ. ನನ್ನ ಗಂಡ, "ನಿನ್ನ ಅಪ್ಪನ ಮನೆ ಗಂಟೇನು ಹೋಗುತ್ತೆ, ಕಳಿಸು," ಎಂದರು. ಎಲ್ಲರ ಮಾತೂ ಸರಿಯಾಗೇ ಇತ್ತು.

ಬ್ರಿಟನ್ನಿನ ವಕೀಲರು ಮೊದಲ ಸಲ ದೀಪವನ್ನು ಅಡ್ಡಗೋಡೆಯಿಂದ ಇಳಿಸಿ ಮಾತಾಡಿದರು. ಪೋಷಕಿ ಇದ್ದರೂ ಈ ಒಂದು ವಿಷಯ ಈಕೆಗೆ ತಿಳಿದಿದ್ದರೆ ನಮ್ಮ ಕಾನೂನಿಗೆ ಸಾಕು. ಪತ್ರ ಸಲ್ಲಿಸುತ್ತೇನೆ, ಆದರೆ ಈಕೆಯನ್ನು ಮುಖತಃ ಕಂಡು, ವಿಷಯ ವಿವರಿಸಿ, ತಾನು ಏನನ್ನು ಬಿಟ್ಟುಕೊಡುತ್ತಿದ್ದೇನೆಂದು ಈಕೆಗೆ ತಿಳಿದಿದೆ ಎಂದು ಒಬ್ಬರು ಬರೆದು ಕೊಡಬೇಕು. ಒಮಾನಿನಲ್ಲಿ ಆ ಒಬ್ಬರು ನೀವೇ. ನೀವು ಬರೆದರೆ ಸಲ್ಲಿಸುತ್ತೇನೆ, ಬರೆಯದಿದ್ದರೆ ಇಲ್ಲ.

ಹಾಗೆ ಒಂದು ಶುಕ್ರವಾರ ನಾನು ಇಬ್ರಾಕ್ಕೆ ಹೊರಟೆ. ರಸ್ತೆಯ ಎರಡೂ ಕಡೆ ಬೋಳು ಗುಡ್ಡಗಳು, ಒಂದು ಗಿಡವಿಲ್ಲ. ದಾರಿಯುದ್ದಕ್ಕೂ ಒಂದೇ ಪ್ರಾರ್ಥನೆ: ಅವಳಿಗೆ ಸ್ವಲ್ಪವಾದರೂ ತಿಳಿಯಲಿ. ಕಾನೂನು ಕೇಳುವುದು ಪಂಡಿತರ ತಿಳಿವಳಿಕೆಯನ್ನಲ್ಲ. ಇದು ನನ್ನದು, ಇದರಲ್ಲಿ ಇಷ್ಟು ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ, ಬೇಡ ಎನ್ನಲೂ ನನಗೆ ಅಧಿಕಾರವಿದೆ. ಇಷ್ಟು ತಿಳಿದರೆ ಸಾಕು.

ಅವರ ಮನೆ ಸೂಕ್‌ಗೆ, ಅಂದರೆ ಹಳೆಯ ಪೇಟೆಗೆ ಹತ್ತಿರ, ಅಂಗಡಿಗಳ ಮೇಲಿನ ಒಂದು ರೂಮು ಹಾಲ್. ಹುಡುಗಿಗೆ ಹೊಸ ಚೂಡಿದಾರ ಹಾಕಿಸಿ, ಹೂ ಮುಡಿಸಿ ಕೂರಿಸಿದ್ದರು. ಹೆಣ್ಣು ನೋಡಲು ಬಂದವರ ಮುಂದೆ ಕೂರಿಸುವ ಹಾಗೆ. ಟೀಚರ್ ನೀರುದೋಸೆ ಮಾಡಿದ್ದರು. ನಾನು ಎರಡು ತಿಂದೆ.

ತಟ್ಟೆಯಲ್ಲಿ ಖರ್ಜೂರವಿತ್ತು. ನಾನು ಹತ್ತು ಎಣಿಸಿ ಅವಳ ಮುಂದೆ ಇಟ್ಟೆ.

"ಇದೆಲ್ಲ ಯಾರದು ಹೇಳು?"

"ನನ್ನದು!"

ಟೀಚರ್ ನನ್ನ ಮುಖ ನೋಡಿದರು. ನನಗೂ ಜೀವ ಬಂದ ಹಾಗಾಯಿತು.

"ಜಾಣೆ. ಇದು ನಿಂಗೆ ಮಾವ ಕೊಟ್ಟದ್ದು. ಈಗ ಕಡಲಲ್ಲಿ ದೋಣಿ ಮಾಮಂದಿರು ಇದ್ದಾರಲ್ಲ, ಅವರಿಗೆ ಒಂದು ಕೊಡಬೇಕಂತೆ. ಕೊಡ್ತೀಯಾ? ಬೇಡ ಅಂದ್ರೂ ಪರವಾಗಿಲ್ಲ."

ಅವಳು ಒಂದು ಖರ್ಜೂರ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಅವಳು ನನ್ನ ಮುಖ ನೋಡಿದಳು. ನಾನು ನಕ್ಕಿರಬೇಕು. ಅವಳಿಗೂ ಖುಷಿಯಾಗಿ ಇನ್ನೊಂದು ಇಟ್ಟಳು. ಆಮೇಲೆ ಇನ್ನೊಂದು. ಸಾಕು ಕಣೆ ಎಂದೆ. ಅವಳು ಕೇಳಲಿಲ್ಲ. ಹತ್ತನ್ನೂ ನನ್ನ ಕೈಗೆ ತುಂಬಿ, ತಟ್ಟೆಯಲ್ಲಿ ಉಳಿದಿದ್ದನ್ನೂ ಬಾಚಿ ನನ್ನ ಮಡಿಲಿಗೆ ಹಾಕಿ, ಕೈ ಕೊಡವಿ ಚಪ್ಪಾಳೆ ತಟ್ಟಿದಳು.

"ಎಲ್ಲಾ ಕೊಟ್ಬಿಟ್ರೆ ನಿಂಗೆ?"

"ನೀವು ತಿನ್ನಿ," ಎಂದಳು.

"ಬೇಡ ಅಂತ ಹೇಳಬಹುದಿತ್ತು ನೀನು. ಬೇಡ ಅಂತ ಹೇಳು ನೋಡೋಣ."

"ಬೇಡ ಅಂತ ಹೇಳು ನೋಡೋಣ," ಎಂದು ಅವಳು ನನ್ನ ಹಾಗೆಯೇ ಹೇಳಿ ಕಿಲಕಿಲ ನಕ್ಕಳು.

ಇನ್ನೊಂದು ಸಲ ಪ್ರಯತ್ನ ಮಾಡಿದೆ, ಬಿಸ್ಕತ್ತು ಇಟ್ಟು. ಮತ್ತೊಂದು ಸಲ, ಅವಳ ಬಳೆಗಳನ್ನಿಟ್ಟು. ಯಾರು ನಗುನಗುತ್ತಾ ಕೈ ಚಾಚಿದರೂ ಅವಳು ಕೊಡುತ್ತಿದ್ದಳು. ಬಳೆಯನ್ನೂ ಕೊಟ್ಟಳು.

"ನೋಡಿ ಅಕ್ಕ, ಕೊಡ್ಲಿಕ್ಕೆ ಗೊತ್ತುಂಟು ಅವಳಿಗೆ," ಎಂದರು ಟೀಚರ್. "ದೊಡ್ಡವರಿಗೇ ಇಷ್ಟು ಮನಸ್ಸಿರುದಿಲ್ಲ. ಬರೀರಿ ನೀವು. ಗೊತ್ತಾಗಿದೆ ಅಂತ ಬರೀರಿ."

ನಾನು ಚೀಲದಿಂದ ಆ ಪತ್ರ ತೆಗೆದು ಮೇಜಿನ ಮೇಲಿಟ್ಟೆ. ತನ್ನ ಅಕ್ಷರ ಕಂಡು ಹುಡುಗಿ ಓಡಿ ಬಂದಳು. ಅದರ ಮೇಲೆ ಬೆರಳಿಟ್ಟು, "ಸರಿ ಉಂಟಾ?" ಎಂದಳು.

ನಾನು ಅವಳಿಗೆ ಉತ್ತರ ಕೊಡಲಿಲ್ಲ. ತಾಯಿಯ ಕಡೆ ತಿರುಗಿ, "ಈ ಸಹಿ ಸರಿಯಿಲ್ಲ ಟೀಚರ್. ನಾನು ಇದನ್ನ ತಗೊಳ್ಳೋಕಾಗಲ್ಲ," ಎಂದೆ.

"ಯಾಕಾಗುದಿಲ್ಲ? ಯಾರಿಗೆ ಮೋಸ ಆಯ್ತು ಇದರಲ್ಲಿ? ನನ್ನ ಮಗಳ ಹಣ ನನ್ನ ಮಗಳಿಗೆ ಉಳೀಲಿಕ್ಕೆ ಅಲ್ವಾ ನಾನು ಇಷ್ಟು ಒದ್ದಾಡುದು?"

"ಇವತ್ತು ನಾನು ಈ ಸಹಿಗೆ ಹೂಂ ಅಂತ ಬರೆದುಕೊಟ್ರೆ, ಇವಳಿಗೆ ಕಾಗದ ಓದಿ ಸಹಿ ಹಾಕೋ ಬುದ್ಧಿ ಇದೆ ಅಂತ ದಾಖಲೆ ಆಗುತ್ತೆ. ನಾಳೆ ನೀವಿಲ್ಲದಾಗ ಇನ್ಯಾರೋ ನಗುನಗುತ್ತಾ ಇನ್ನೊಂದು ಕಾಗದ ತಂದ್ರೆ? ಮಾವನ ಮನೆ ಮಾರಿದ ದುಡ್ಡಿನ ಕಾಗದ? ಖರ್ಜೂರ ಕೊಟ್ಟ ಹಾಗೇ ಕೊಡ್ತಾಳೆ. ಆಗ ಅದು ನಡೆಯಲ್ಲ ಅಂತ ಹೇಳೋಕೆ ಯಾವ ಬಾಯಿ ಇರುತ್ತೆ ನಮಗೆ?"

"ನಾಳೆದು ನಾಳೆ," ಎಂದರು ಅವರು. ನಂತರ ಇದ್ದಕ್ಕಿದ್ದಂತೆ ಸಿಟ್ಟು ಉಕ್ಕಿತು. "ಏಳು ವರ್ಷ! ನೀವೇ ಲೆಕ್ಕ ಹಾಕಿ ಹೇಳಿದ್ದು. ನನ್ನ ಮಗಳ ಏಳು ವರ್ಷದ ಅನ್ನ. ನಿಮ್ಮ ಕಾನೂನು ಹಾಕ್ತದಾ ಅವಳಿಗೆ ಅನ್ನ? ನೀವು ಹಾಕ್ತೀರಾ?"

ನನಗೂ ಸಿಟ್ಟು ಬಂತು. ಅವರ ಮೇಲಲ್ಲ. ಅಷ್ಟು ಚಂದ ಉಯಿಲು ಬರೆದು ಹೋದ ಆ ಎಂಜಿನಿಯರ್ ಮೇಲೆ, ಆ ಮೂರು ಸಾಲಿನಲ್ಲಿ ಒಂದು ಸಾಲು ತಂಗಿಯ ಹೆಸರಿಗೆ ಹಾಕಿದ್ದರೆ ಏನು ಹೋಗುತ್ತಿತ್ತು ಎಂದು. ಹುಡುಗಿ ನಮ್ಮಿಬ್ಬರ ಮುಖ ನೋಡಿದಳು, ಆಮೇಲೆ ತನ್ನ ಅಕ್ಷರ ನೋಡಿದಳು. ಬೆರಳಿನಿಂದ ಅದನ್ನು ಒರೆಸಿ ತೆಗೆಯಲು ಹೋದಳು. ಶಾಯಿ ಅಲುಗಲಿಲ್ಲ.

ಬಾಗಿಲವರೆಗೆ ಬಂದ ಟೀಚರ್, "ಬಿಸಿಲು ಜೋರುಂಟು, ನೀರು ತಗೊಂಡು ಹೋಗಿ ಮೇಡಮ್," ಎಂದರು. ಅಂದಿನಿಂದ ಅವರು ನನ್ನನ್ನು ಅಕ್ಕ ಎನ್ನಲಿಲ್ಲ.

ಆಫೀಸಿಗೆ ಬಂದು ಒಂದೇ ಸಾಲು ಬರೆದು ವಕೀಲರಿಗೆ ಕಳಿಸಿದೆ: ಭೇಟಿಯಾದೆ, ದೃಢೀಕರಿಸಲಾರೆ. ಅವರು ಧನ್ಯವಾದ ಹೇಳಿ ಇನ್ನೊಂದು ಮಾತು ಸೇರಿಸಿದ್ದರು, ಬರೆದುಕೊಟ್ಟಿದ್ದರೆ ತಾನು ಖಂಡಿತ ಸಲ್ಲಿಸುತ್ತಿದ್ದೆ ಎಂದು. ಆ ಮಾತು ಅವರು ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು. ಸಂಜೆ ಸಾಹೇಬರು ನನ್ನ ಟೇಬಲ್ಲಿನ ಹತ್ತಿರ ನಿಂತು, "ಚಾಯ್ ಪಿಯೋಗೀ?" ಎಂದು ಮಾತ್ರ ಕೇಳಿದರು.

ಕೆಲಸ ಮುಂದುವರಿಯಿತು, ಅದು ನಿಲ್ಲುವುದಿಲ್ಲ. ಮನೆ ಮಾರಾಟವಾಯಿತು. ಕಡಲಿನವರಿಗೆ ಅವರ ನಲವತ್ತು ಸಾವಿರ, ಶಾಲೆಗೆ ಅದರ ಹತ್ತು ಸಾವಿರ ಹೋದವು. ಹುಡುಗಿಯ ಹಣ, ನೂರಕ್ಕೆ ನಲವತ್ತು ಕಳೆದು ಉಳಿದದ್ದು, ಬ್ರಿಟನ್ನಿನ ನ್ಯಾಯಾಲಯದ ಕಣ್ಗಾವಲಿನಲ್ಲಿರುವ ಖಾತೆಗೆ ಹೋಯಿತು. ಅಲ್ಲಿಂದ ತಿಂಗಳಿಗಿಷ್ಟು ಎಂದು ಹಾಸ್ಟೆಲಿಗೆ ಬರುತ್ತದೆ. ಯಾರಿಗೂ ಮುಟ್ಟಲಾಗದು. ಟೀಚರಿನ ಆರೋಗ್ಯ ಕೆಡುತ್ತಾ ಬಂದು ಶಾಲೆಯ ಕೆಲಸ ಬಿಟ್ಟರು. ಇಬ್ರಾದ ಮನೆ ಖಾಲಿ ಮಾಡಿ ಮಗಳೊಂದಿಗೆ ಊರಿಗೆ ಹೋದರು. ಕಾಗದಪತ್ರ ಬೇಕಾದಾಗ ಫೋನು ಮಾಡುತ್ತಿದ್ದರು, ಮಾತಿನಲ್ಲಿ ಬರೀ ಮರ್ಯಾದೆ. ಹೌದು ಮೇಡಮ್, ಆಯ್ತು ಮೇಡಮ್.

ತಿದ್ದುಪಡಿಗಿದ್ದ ಎರಡು ವರ್ಷದ ಗಡುವು ಮುಗಿದ ವಾರ ನಾನು ಕಡತ ಮುಚ್ಚಲೆಂದು ತೆಗೆದೆ. ಆ ಪತ್ರ ನನ್ನಲ್ಲೇ ಉಳಿದಿತ್ತು. ಅದನ್ನೇನು ಮಾಡುವುದೆಂದು ತಿಳಿಯದೆ ಟೀಚರಿಗೆ ಫೋನು ಮಾಡಿದೆ, ಬೇಕಿದ್ದರೆ ಕಳಿಸುತ್ತೇನೆ ಎಂದು.

"ಬೇಡ ಮೇಡಮ್. ಇಲ್ಲಿ ಅಂಥದ್ದು ಗೋಣಿಗಟ್ಟಲೆ ಉಂಟು." ಅವರಿಗೆ ಈಗ ವಾರಕ್ಕೆರಡು ಸಲ ಡಯಾಲಿಸಿಸ್, ಮಾತಿಗೆ ಉಸಿರು ಸಾಲುತ್ತಿರಲಿಲ್ಲ. ಮಗಳು ಹಾಸ್ಟೆಲಿನಲ್ಲಿದ್ದಳು, ಆ ದಿನ ಭಾನುವಾರವೆಂದು ಅಮ್ಮನನ್ನು ನೋಡಲು ಕರೆತಂದಿದ್ದರು.

"ಏನು ಗೋಣಿಗಟ್ಟಲೆ?"

"ಹೆಸರು. ದಿನಾ ಬರೀತಾಳೆ. ಹಾಸ್ಟೆಲಿನವರು ಹಾಳೆ ಕೊಟ್ಟು ಕೊಟ್ಟು ಸಾಕಾಗಿ ಸ್ಲೇಟು ಕೊಟ್ಟಿದ್ದಾರೆ. ನೀವು ಅವತ್ತು ಸರಿಯಿಲ್ಲ ಹೇಳಿ ಹೋದ್ರಲ್ಲ. ತನ್ನ ಅಕ್ಷರ ಸರಿಯಿಲ್ಲ, ಅದಕ್ಕೇ ಆ ಅಮ್ಮ ತಗೊಳ್ಳಲಿಲ್ಲ ಅಂತ ಕೂತಿದೆ ತಲೆಯಲ್ಲಿ. ನಾನು ಎಷ್ಟು ಹೇಳಿದ್ರೂ ಹೋಗುದಿಲ್ಲ."

"ಅವಳಿಗೆ ಫೋನ್ ಕೊಡಿ ಟೀಚರ್," ಎಂದೆ.

ಆ ಕಡೆ ಕೈ ಬದಲಾಯಿತು. ಜೋರಾದ ಉಸಿರು ಕೇಳಿಸಿತು. ನಾನು ಯಾರೆಂದು ಹೇಳಿದೆ. "ಚಿತ್ರಾನ್ನ," ಎಂದಳು.

"ಹೌದು ಕಣೆ, ಚಿತ್ರಾನ್ನದ ಅಮ್ಮ. ನೋಡು, ನೀನು ಅವತ್ತು ಬರೆದದ್ದು ಸರಿಯಾಗೇ ಇದೆ. ನನ್ನ ಎದುರಿಗೇ ಇದೆ ಈಗ. ಬಹಳ ಚೆನ್ನಾಗಿದೆ. ಒಂದು ತಪ್ಪೂ ಇಲ್ಲ."

"ಸರಿ ಉಂಟಾ?"

"ಸರಿ ಇದೆ. ಮೂರಕ್ಷರವೂ ಸರಿ ಇದೆ."

ಅವಳು ಅದನ್ನು ಅಮ್ಮನಿಗೆ ಕೂಗಿ ಹೇಳಿದಳು. ಆಮೇಲೆ ಫೋನನ್ನು ಬಾಯಿಗೆ ತೀರ ಹತ್ತಿರ ತಂದು ಕೇಳಿದಳು.

"ಹಾಗಾದ್ರೆ ತಗೊಳ್ತೀರಾ?"